ಪಟ್ಟಿಯಲ್ಲಿಲ್ಲದ ಪ್ರಾಂತ್ಯ

ಸಿಂಗಪುರದ ಟೋವಾ ಪಾಯೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸುಮಾತ್ರಾದ ಅಂಕಲ್, ಯಾರದೇನು ಕಳೆದುಹೋದರೂ ಕನ್ನಡಕವನ್ನು ಹಣೆಗೇರಿಸಿ, ಅಲ್ಲಿಯವರ ಧಾಟಿಯಲ್ಲಿ "ಇದೆ ಲಾ, ಸರಿಯಾಗಿ ನೋಡು" ಅನ್ನುತ್ತಿದ್ದರು.

ಒಂದು ಸಂಜೆ ಬಿಸ್ಕತ್ತಿನ ಡಬ್ಬಿಯಿಂದ ತಮ್ಮ ಜನನಪತ್ರ ತೆಗೆದು ತೋರಿಸಿದರು. ಇಂಡೋನೇಷ್ಯಾ ಸ್ವಾತಂತ್ರ್ಯಕ್ಕಾಗಿ ಡಚ್ಚರೊಡನೆ ಕಾದಾಡುತ್ತಿದ್ದಾಗ ಅವರಮ್ಮ ತುಂಬು ಬಸುರಿ. ಊರು ಬಿಟ್ಟು ಓಡಿ, ದಾರಿಯಲ್ಲೇ ಹೆತ್ತು ತೀರಿಕೊಂಡರಂತೆ. ಪತ್ರದಲ್ಲಿ ಊರಿನ ಹೆಸರಿಲ್ಲ, 'ಮಧ್ಯ ಸುಮಾತ್ರಾ ಪ್ರಾಂತ್ಯ' ಅಂತಷ್ಟೇ ಇದೆ. ಯುದ್ಧದ ನಡುವೆ ಹುಟ್ಟಿದ ಆ ಪ್ರಾಂತ್ಯ ಹತ್ತು ವರ್ಷವೂ ಬಾಳದೆ ಮೂರು ಹೋಳಾಯಿತು.

ಅವರಮ್ಮನ ಸಮಾಧಿ ಹುಡುಕಿಸಲು ಆನ್‌ಲೈನ್ ಫಾರ್ಮ್ ತುಂಬಬೇಕಿತ್ತು. ಪ್ರಾಂತ್ಯಗಳ ಪಟ್ಟಿಯನ್ನು ಎರಡು ಸಲ ಸ್ಕ್ರಾಲ್ ಮಾಡಿದೆ.

"ಇಲ್ಲ ಅಂಕಲ್."

"ಇದೆ ಲಾ, ಸರಿಯಾಗಿ ನೋಡು."

ಆ ಮೂರು ಹೋಳುಗಳ ಹೆಸರುಗಳನ್ನು ತೋರಿಸಿದೆ. "ಮೂರೂ ಒತ್ತು" ಅಂದರು. ಇಂಥ ಫಾರ್ಮ್‌ಗಳನ್ನೇ ಮಾಡಿ ಸಂಬಳ ತಗೊಳ್ಳುವ ನನಗೆ ರೇಗಿತು.

"ಒಂದನ್ನೇ ಒತ್ತೋಕೆ ಆಗೋದು. ಯಾವುದು, ಹೇಳಿ."

ಅಂಕಲ್ ಕನ್ನಡಕ ಇಳಿಸಿಕೊಂಡು ಸ್ಕ್ರೀನ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಮ್ಮ ಸತ್ತಾಗ ಅದು ಒಂದೇ ಇತ್ತು" ಅಂದರು.