ಮಳಖೇಡದ ಬುರುಜಿನಿಂದ ಕಂಡ ಮಾಳಿಗೆ

ದೆವ್ವ, ಗಾಳಿ, ಶಕುನ, ಮುಂದಾಗುವುದು ಮೊದಲೇ ಕಣ್ಣಿಗೆ ಬೀಳುವುದು, ಇವು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ನಂಬುತ್ತಿರಲಿಲ್ಲ ಎನ್ನುವುದಕ್ಕಿಂತ, ಅಂಥ ಮಾತು ಬಂದರೆ ನನಗೆ ಸಿಟ್ಟು ಬರುತ್ತಿತ್ತು ಎಂದರೆ ಸರಿಯಾದೀತು. ಸೇಡಂನಲ್ಲಿ ನನ್ನದೊಂದು ಚಷ್ಮಾ ಅಂಗಡಿ ಇದೆ. ಕಣ್ಣು ಪರೀಕ್ಷಿಸಿ ನಂಬರ್ ಹೇಳುವುದು ನನ್ನ ಕಸುಬು. ಮನುಷ್ಯನ ಕಣ್ಣು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆ ಎಂಬುದನ್ನು ದಿನಾ ನೋಡುತ್ತೇನೆ. ಸಂಜೆಯಾದರೆ ಹೊಲದ ಬದುವಿನ ಮೇಲೆ ಯಾರೋ ನಿಂತಂತೆ ಕಾಣುತ್ತದೆ ಎಂದು ಹೆದರಿಕೊಂಡು ಬಂದವರಿಗೆ, ಮೋತಿಬಿಂದು ಬಂದಿದೆ, ಕಲಬುರಗಿಗೆ ಹೋಗಿ ಪೊರೆ ತೆಗೆಸಿಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ. ನಮ್ಮ ಕಡೆಯ ಎಷ್ಟೋ ದೆವ್ವಗಳು ಹಾಗೆಯೇ ಊರು ಬಿಟ್ಟು ಹೋಗಿವೆ.

ಹೀಗಿದ್ದವನು ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ನಗುತ್ತಿದ್ದೆ, ಜೊತೆಗೆ ನಿಮ್ಮ ಚಷ್ಮಾದ ನಂಬರನ್ನೂ ಕೇಳುತ್ತಿದ್ದೆ.

ಜಗದೇವಿ ನನ್ನ ತಂಗಿ. ನಮ್ಮ ಮನೆ ಚಿಂಚೋಳಿ ತಾಲೂಕಿನ ಸುಲೇಪೇಟದಲ್ಲಿ. ಅಪ್ಪ ಬೇಗ ತೀರಿಕೊಂಡರು. ಆಮೇಲೆ ಅವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಳು. ನಾನು ಅಂಗಡಿ ಎಂದು ಸೇಡಂ ಸೇರಿದೆ, ಅವ್ವನ ಸೇವೆಯೆಲ್ಲ ಜಗದೇವಿಯ ಪಾಲಿಗೆ ಬಂತು. ಅವ್ವ ಕಣ್ಣು ಮುಚ್ಚುವ ಹೊತ್ತಿಗೆ ಇವಳಿಗೆ ಮೂವತ್ತು ದಾಟಿತ್ತು. ಹೆಣ್ಣು ಕೇಳಿಕೊಂಡು ಬರುವವರು ಬರುವುದನ್ನೇ ಬಿಟ್ಟಿದ್ದರು. ಅವಳೂ ಆ ಮಾತು ಬಿಟ್ಟಿದ್ದಳು.

ಅಂಥ ಹೊತ್ತಿನಲ್ಲಿ ಮಳಖೇಡದಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಶಿವಶರಣಪ್ಪ. ಹುಡುಗ ಎಂದರೆ ಮೀಸೆಯಲ್ಲಿ ಬಿಳಿ ಕಾಣಿಸಿಕೊಂಡವನು. ಮೊದಲ ಹೆಂಡತಿ ಜ್ವರ ಬಂದು ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸುಲೇಪೇಟಕ್ಕೆ ಬಂದು ಜಗದೇವಿಯನ್ನು ನೋಡಿ, ಎಲ್ಲರ ಮುಂದೆಯೇ ಅವಳೊಡನೆ ಒಂದಿಷ್ಟು ಮಾತಾಡಿ ಹೋದ. ನನಗೆ ಮನಸ್ಸಿರಲಿಲ್ಲ. ಒಬ್ಬಳು ಸತ್ತ ಮನೆಗೆ ನನ್ನ ತಂಗಿಯನ್ನು ಕೊಡುವುದೇ ಎಂಬ ಯೋಚನೆ ತಲೆಯಲ್ಲಿ ಕೊರೆಯುತ್ತಿತ್ತು. ಆದರೆ ಜಗದೇವಿ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು, “ಆ ಮನುಷ್ಯಾನ ಮಾತು ನನಗ ಸೇರೇದ ಅಣ್ಣಾ. ನೀ ಹೋಗಿ ಮನಿ ನೋಡಿ ಬಾ. ನೀ ಬ್ಯಾಡ ಅಂದ್ರ ಬ್ಯಾಡ.” ಅವಳು ತನಗಾಗಿ ಬಾಯಿ ಬಿಟ್ಟು ಕೇಳಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದಾಗ ಒಂದು ಕಟ್ಟು ಇದೆ. ಚಹಾ ಕುಡಿಯಬಹುದು, ಅದರೊಳಗಿನ ಸಕ್ಕರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಮನೆಯವರು ಕೈಯಲ್ಲಿಟ್ಟ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಹಾಕಿಕೊಂಡರೆ ಸಂಬಂಧ ಒಪ್ಪಿದಂತೆ, ಮುಂದೆ ಮಾತಿಲ್ಲ. ಹಾಗಾಗಿ ಮನಸ್ಸಿಲ್ಲದವರು ಸಕ್ಕರೆ ಕಾಯಿಲೆಯ ನೆಪ ಹೇಳಿ ಎದ್ದು ಬರುತ್ತಾರೆ. ನಾನೂ ಅದೇ ನೆಪ ಕಟ್ಟಿಕೊಂಡು, ಸೋದರಮಾವನನ್ನು ಜೊತೆಗೆ ಕರೆದುಕೊಂಡು, ಬೇಸಿಗೆಯ ಒಂದು ಮಧ್ಯಾಹ್ನ ಮಳಖೇಡಕ್ಕೆ ಹೋದೆ.

ಮಳಖೇಡ ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಊರು. ಈಗ ಕೋಟೆಯ ಒಳಗೇ ಜನ ಮನೆ ಕಟ್ಟಿಕೊಂಡಿದ್ದಾರೆ, ಕೋಟೆಯ ಕಲ್ಲು ದನದ ಕೊಟ್ಟಿಗೆಯ ಗೋಡೆಯಲ್ಲೂ ಇದೆ. ಶಿವಶರಣಪ್ಪನ ಮನೆಯವರಿಗೆ ಒಂದು ಹಮ್ಮು, ಬಂದ ಬೀಗರನ್ನು ಬುರುಜಿನ ಮೇಲೆ ಕರೆದೊಯ್ದು ಅಲ್ಲಿಂದ ತಮ್ಮ ಮನೆ, ಹೊಲ ತೋರಿಸುವುದು. ಚಹಾ ಆದ ಮೇಲೆ ಶಿವಶರಣಪ್ಪ ಎದ್ದು, “ಬರ್ರಿ, ಮ್ಯಾಲ ಹೋಗಿ ನೋಡ್ಕೊಂಡು ಬರೂಣು” ಎಂದ. ಮಾವ ತನ್ನ ಮೊಣಕಾಲು ಮುಟ್ಟಿ ತೋರಿಸಿ ಕೂತಲ್ಲೇ ಕೂತ. ನಾವಿಬ್ಬರೇ ಹೋದೆವು.

ಬಿಸಿಲು ಇಳಿಯುತ್ತಿತ್ತು. ಕುಸಿದ ಗೋಡೆಯ ಮೇಲೆ ಹತ್ತಿ ಬುರುಜಿನ ತುದಿಗೆ ಬಂದರೆ ಇಡೀ ಊರು ಕಾಲ ಕೆಳಗೆ. ಶಹಾಬಾದ್ ಕಲ್ಲು ಹಾಸಿದ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವು ಮಾಳಿಗೆಗಳ ಮೇಲೆ ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಒಂದು ಕಡೆ ಕಾಗಿಣಾ ನದಿ ಸಣ್ಣ ಗೆರೆಯಾಗಿ ಹರಿಯುತ್ತಿತ್ತು, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಹೊಗೆ. ಅಷ್ಟು ಹಳೆಯ ಊರನ್ನು ಮೇಲಿನಿಂದ ನೋಡಿದರೆ ಸಮಾಧಾನ ಆಗಬೇಕು ಅಲ್ಲವೇ, ನನಗೆ ಮಾತ್ರ ಒಂದು ಕಡೆ ನಿಲ್ಲಲಾಗಲಿಲ್ಲ. ಅತ್ತ ಹೋಗಿ ಇತ್ತ ಬಂದೆ. ಬೇಡ ಎಂದು ಹೇಗೆ ಹೇಳುವುದು, ಹೇಳಿದರೆ ಜಗದೇವಿಯ ಮುಖ ಹೇಗಾಗುತ್ತದೆ, ಇದೇ ಯೋಚನೆ.

“ಅಗೋ, ಆ ಬೇವಿನ ಗಿಡ ಅದಲ್ರಿ, ಅದರ ಬಾಜೂಕಿಂದೇ ನಮ್ಮ ಮನಿ” ಎಂದು ಶಿವಶರಣಪ್ಪ ಬೆರಳು ತೋರಿಸಿದ. ನೋಡಿದೆ. ಮಾಳಿಗೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನ ತಾಯಿ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಅವಳು ಒಂಟಿಗಾಲಲ್ಲಿ ನಿಂತು, ಇನ್ನೊಂದು ಪಾದವನ್ನು ಎತ್ತಿ ಮೊಣಕಾಲಿಗೆ ಒತ್ತಿಕೊಂಡು, ಎಡಗೈಯನ್ನು ಸೊಂಟದ ಮೇಲೆ ಇಟ್ಟಳು.

ಹಾಗೆ ನಿಲ್ಲುವವಳು ಜಗದೇವಿ. ದಣಿದಾಗಲೆಲ್ಲ ಚಿಕ್ಕಂದಿನಿಂದ ಹಾಗೇ ನಿಲ್ಲುತ್ತಾಳೆ. ಬೆಳ್ಳಕ್ಕಿ ನಿಂತ ಹಾಗೆ ನಿಲ್ಲಬೇಡ ಎಂದು ಅವ್ವ ಬೈದು ಬೈದು ಸಾಕಾಗಿ ಬಿಟ್ಟಿದ್ದಳು. ಅಷ್ಟು ದೂರದಿಂದ ಮುಖ ಗುರುತಾಗುವುದಿಲ್ಲ, ಅದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಡಹುಟ್ಟಿದವರನ್ನು ಮುಖ ನೋಡಿ ಯಾರು ಗುರುತಿಸುತ್ತಾರೆ? ಅವಳ ಹೆಗಲು, ಕತ್ತು, ಸೆರಗು ಸಿಕ್ಕಿಸಿಕೊಂಡ ರೀತಿ, ಎಲ್ಲ ಅವಳದೇ. ವಯಸ್ಸೊಂದು ಅವಳದಾಗಿರಲಿಲ್ಲ. ಅವಳು ಬಲಗೈಯನ್ನು ಹಣೆಗೆ ಅಡ್ಡ ಹಿಡಿದು ಬುರುಜಿನ ಕಡೆಗೆ, ನಾನು ನಿಂತ ಕಡೆಗೆ, ಬಹಳ ಹೊತ್ತು ನೋಡಿದಳು.

“ನಿಮ್ಮ ಮಾಳಿಗಿ ಮ್ಯಾಲ ಯಾರದಾರ್ರಿ?” ಎಂದೆ.

“ಯಾರೂ ಇಲ್ಲಲ್ರಿ” ಎಂದ ಶಿವಶರಣಪ್ಪ, ಕಣ್ಣು ಕಿರಿದು ಮಾಡಿ ನೋಡಿ. “ಅವ್ವಗ ಮೆಟ್ಟಲಾ ಏರಾಕ ಆಗಂಗಿಲ್ಲ. ಯಾಕ್ರಿ?”

ಮತ್ತೆ ನೋಡಿದರೆ ಬರೀ ಕಲ್ಲು ಹಾಸಿದ ಮಾಳಿಗೆ. ಜೇಬಿನಿಂದ ಫೋನ್ ತೆಗೆದು ಸುಲೇಪೇಟಕ್ಕೆ ಹಚ್ಚಿದೆ. ಜಗದೇವಿಯೇ ಎತ್ತಿದಳು. ಹಿಂದೆ ನಮ್ಮ ಮನೆಯ ಎದುರಿನ ಹಿಟ್ಟಿನ ಗಿರಣಿಯ ಸದ್ದು ಕೇಳುತ್ತಿತ್ತು. “ಮನಿ ಹ್ಯಾಂಗದ ಅಣ್ಣಾ?” ಎಂದು ಕೇಳಿದಳು. ಏನು ಹೇಳಿದೆನೋ ನೆನಪಿಲ್ಲ.

ಕೆಳಗಿಳಿದವನೇ ನೇರ ಅವರ ಮಾಳಿಗೆ ಹತ್ತಿದೆ. ಬೀಗರಾಗುವವರು ಮಾಳಿಗೆ ನೋಡುವುದು ಅಂಥ ವಿಚಿತ್ರವೇನಲ್ಲ, ಯಾರೂ ಏನೂ ಅನ್ನಲಿಲ್ಲ. ಮೇಲೆ ಏನೂ ಇರಲಿಲ್ಲ. ಕಾದ ಕಲ್ಲು ಚಪ್ಪಲಿಯ ಒಳಗೂ ಸುಡುತ್ತಿತ್ತು. ಇಳಿದು ಬಂದಾಗ ತಲೆ ತಿರುಗಿ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಶಿವಶರಣಪ್ಪನ ತಾಯಿ ಗೋಡೆ ಹಿಡಿದುಕೊಂಡು ಬಂದು, “ಯಪ್ಪಾ, ಬಿಸಲಾಗ ತಿರಗಿ ಮಾರಿ ಬಾಡೇದ ನೋಡು” ಎನ್ನುತ್ತಾ ಒಂದು ತಂಬಿಗೆ ನೀರು ಕೊಟ್ಟು, ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟರು. ನಾನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

ತಲೆಯೆತ್ತಿ ನೋಡಿದೆ. ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದ. ಆ ಮುದುಕಿಯ ಕಣ್ಣಲ್ಲಿ ನೀರು ಬಂತು. ಮಾವ ಎದ್ದು ನಿಂತು, “ಮತ್ತೇನದ, ಶರಣಾರ್ಥಿ ಬೀಗರ” ಎಂದು ಕೈ ಮುಗಿದ. ಒಳಗಿನಿಂದ ಸಕ್ಕರೆಯ ತಟ್ಟೆ ಬಂತು. ನನಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ತಂಗಿಯನ್ನು ಆ ಮನೆಗೆ ಕೊಟ್ಟಾಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ವಯಸ್ಸಾದವಳು ಮಾಳಿಗೆಯ ಮೇಲೆ ಒಬ್ಬಳೇ ಯಾಕೆ ನಿಂತಿದ್ದಳು? ಗಂಡ ಎಲ್ಲಿ, ಮಕ್ಕಳೆಲ್ಲಿ? ಯಾರ ದಾರಿ ಕಾಯುತ್ತಿದ್ದಳು? ಮಾತು ಕೊಟ್ಟಾಗಿದೆ, ಮುರಿದರೆ ಹೆಸರು ಕೆಡುವುದು ಜಗದೇವಿಯದು. ಕೊನೆಗೆ ಇದನ್ನು ಹೊತ್ತುಕೊಂಡು ಕೂರುವುದು ನನ್ನಿಂದಾಗದ ಕೆಲಸ ಎನ್ನಿಸಿ, ಮರುದಿನ ಬೆಳಗಿನ ಬಸ್ಸಿಗೆ ಸುಲೇಪೇಟಕ್ಕೆ ಹೋಗಿ ಅವಳಿಗೇ ಎಲ್ಲ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು.

“ನಾ ಅಳಾಕತ್ತಿದ್ನೇನು?” ಎಂದು ಕೇಳಿದಳು.

“ಇಲ್ಲ. ಸುಮ್ಮ ನೋಡಾಕತ್ತಿದ್ದಿ.”

“ತಲಿ ಬೆಳ್ಳಗಾಗಿತ್ತು ಅಂತಿ. ಅಂದ್ರ ಅಲ್ಲೀ ತನಕ ಆ ಮನ್ಯಾಗೇ ಬಾಳ್ತೀನಿ ಅಂದಂಗಾಯ್ತು. ಇದರಾಗ ಕೆಟ್ಟದ್ದೇನದ?”

“ಯಾರಿಗಿ ನೋಡಾಕತ್ತಿದ್ದಿ ಅನ್ನೋದೇ ನನಗ ತಿಳೀವಲ್ದು.”

ಅವಳು ನಕ್ಕಳು. “ನಿನಗ. ಮತ್ಯಾರಿಗಿ? ಬುರುಜಿನ ಮ್ಯಾಲ ನಿಂತಾಂವ ನೀನಲ್ಲ?” ಮೊರ ಮತ್ತೆ ಕೈಗೆತ್ತಿಕೊಂಡು, “ನಾ ಹೋಗ್ತೀನಿ ಅಣ್ಣಾ. ತಾರೀಕು ಹಿಡಸು” ಎಂದಳು.

ಮದುವೆಯಾಯಿತು. ಅವಳು ಚೆನ್ನಾಗಿ ಬಾಳಿದಳು, ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಶಿವಶರಣಪ್ಪ ಅವಳ ಮೇಲೆ ಒಂದು ದಿನವೂ ದನಿ ಎತ್ತಿದ್ದು ನಾನು ಕೇಳಿಲ್ಲ. ಒಬ್ಬ ಮಗಳು, ಈಗ ಕಲಬುರಗಿಯಲ್ಲಿ ಓದುತ್ತಿದ್ದಾಳೆ. ಅಷ್ಟಾದರೂ ನಾನು ನೆಮ್ಮದಿಯಾಗಿ ಕೂತವನಲ್ಲ. ಮೊದಲ ವರ್ಷಗಳಲ್ಲಿ ನನ್ನ ಭಯವೆಲ್ಲ ಶಿವಶರಣಪ್ಪನ ಬಗ್ಗೆ. ಅವನು ಅಂಗಡಿಗೆ ಬಂದರೆ ಕಣ್ಣು ನೋಡುವ ನೆಪದಲ್ಲಿ ಬಿಪಿ, ಸಕ್ಕರೆ ಎಲ್ಲ ವಿಚಾರಿಸುತ್ತಿದ್ದೆ. “ನಮ್ಮ ಬೀಗರು ಡಾಕ್ಟರಕಿಂತ ಜಾಸ್ತಿ ಕಾಳಜಿ ಮಾಡ್ತಾರ” ಎಂದು ಅವನ ತಾಯಿ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ಆಮೇಲೆ ಒಂದು ದಿನ ಅಂಗಡಿಯಲ್ಲಿ ಚಷ್ಮಾದ ಕಾಜು ಒರೆಸುತ್ತಿದ್ದಾಗ ಬೇರೆ ಯೋಚನೆ ಬಂತು. ಅವಳು ಹುಡುಕುತ್ತಿದ್ದುದು ನನ್ನನ್ನೇ ಆದರೆ? ಎದುರಿಗೆ ಇರುವ ಅಣ್ಣನನ್ನು ಯಾರೂ ಹಣೆಗೆ ಕೈ ಅಡ್ಡ ಹಿಡಿದು ಬುರುಜಿನ ಮೇಲೆ ಹುಡುಕುವುದಿಲ್ಲ. ಅಂದಿನಿಂದ ನನ್ನ ಭಯ ಮನೆ ಬದಲಿಸಿತು.

ನಾನು ಅವಳಿಗೆ ತಲೆಗೆ ಹಚ್ಚುವ ಕಪ್ಪು ಬಣ್ಣ ಒಯ್ಯಲು ಶುರು ಮಾಡಿದ್ದು ಆಗ. ಅವಳ ಬೈತಲೆಯಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಪಂಚಮಿಗೆ ಹೋದರೂ ಪೊಟ್ಟಣ, ದೀಪಾವಳಿಗೆ ಹೋದರೂ ಪೊಟ್ಟಣ. ಸೀರೆ ತರುವ ಅಣ್ಣಂದಿರನ್ನು ಕಂಡಿದ್ದೇವೆ, ಇವನೊಬ್ಬ ಬಣ್ಣ ತರುತ್ತಾನೆ ಎಂದು ಮನೆಯವರೆಲ್ಲ ನಗುತ್ತಿದ್ದರು. ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ನಗದೆ ತೆಗೆದುಕೊಂಡು ಹಚ್ಚಿಕೊಳ್ಳುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಹೋದಾಗ ಬಾಗಿಲು ತೆಗೆದವಳ ತಲೆ ಪೂರ್ತಿ ಬೆಳ್ಳಗಿತ್ತು. “ಹಚ್ಚಿದ್ರ ತಲಿ ಎಲ್ಲಾ ಗುಳ್ಳಿ ಏಳಾಕತ್ಯಾವ. ಡಾಕ್ಟರು ಬ್ಯಾಡಂದ್ರು” ಎಂದಳು, ತಪ್ಪು ಮಾಡಿದವಳ ಹಾಗೆ. ಪೊಟ್ಟಣ ನನ್ನ ಚೀಲದಲ್ಲೇ ಉಳಿಯಿತು. ಶಿವಶರಣಪ್ಪ ಹೊಲಕ್ಕೆ ಹೋಗಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಅವಳು ಬುಟ್ಟಿ ಹಿಡಿದುಕೊಂಡು ಸಂಡಿಗೆ ತರಲು ಮಾಳಿಗೆಗೆ ಹೋದಳು. ಬೇಡ ಎನ್ನಬೇಕೆನಿಸಿತು. ಸಂಡಿಗೆ ತರುವವಳಿಗೆ ಏನೆಂದು ಬೇಡ ಹೇಳುವುದು? ನಾನು ಅಂಗಳದ ಕಟ್ಟೆಯ ಮೇಲೆ ಕುಳಿತು ಅವಳ ಹೆಜ್ಜೆ ಕೇಳುತ್ತಿದ್ದೆ. ಹೆಜ್ಜೆ ಅತ್ತ ಹೋದವು, ಇತ್ತ ಬಂದವು, ಆಮೇಲೆ ನಿಂತವು.



“ಅಣ್ಣಾ” ಎಂದಳು ಮೇಲಿನಿಂದ, ಸಣ್ಣ ದನಿಯಲ್ಲಿ. “ಕೆಳಗ ಅದೀಯೇನು?”

“ಇಲ್ಲೇ ಅದೀನಿ. ಯಾಕ?”

ಅವಳು ಬುರುಜಿನ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದಾಳೆಂದು ದನಿಯಲ್ಲೇ ತಿಳಿಯಿತು. ಅಂಗಳದಿಂದ ಬುರುಜು ಕಾಣುವುದಿಲ್ಲ, ಗೋಡೆ ಅಡ್ಡ ಬರುತ್ತದೆ. ಎದ್ದು ಬಾಗಿಲ ಹೊರಗೆ ಹೋದರೆ ಕಾಣುತ್ತದೆ. ಜನರ ಕಣ್ಣು ನೋಡುತ್ತಲೇ ಆಯುಷ್ಯ ಕಳೆದ ನಾನು, ಅಷ್ಟು ದೂರ ಹೋಗಿ ನೋಡಲಾರದೆ ಹೋದೆ. ಇಂದಿಗೂ ಅದು ಏನೆಂದು ನನಗೆ ಗೊತ್ತಿಲ್ಲ. ನಾನು ಹೇಳಿದ್ದರಿಂದ ಅವಳು ಆ ಕಡೆ ನೋಡಿದಳೋ, ಅವಳು ನೋಡುವವಳಿದ್ದುದರಿಂದ ಅಂದು ನನಗೆ ಕಂಡಳೋ, ಎಷ್ಟು ತಿರುವಿ ಹಾಕಿದರೂ ತಲೆಗೆ ಹತ್ತುವುದಿಲ್ಲ. ಏನು ಕಂಡೆ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ಅವಳು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಇಳಿದು ಬಂದಳು. ಬುಟ್ಟಿ ಮೇಲೆಯೇ ಬಿಟ್ಟಿದ್ದಳು. ನನ್ನ ಪಕ್ಕದಲ್ಲಿ ಕುಳಿತು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಚಹಾ ಮಾಡ್ಲೇನು?” ಎಂದಳು.

“ಮಾಡು” ಎಂದೆ. ಅವಳು ಏಳಲಿಲ್ಲ, ಕೈಯನ್ನೂ ಬಿಡಲಿಲ್ಲ.