ದುರುಗಪ್ಪ ಮಾಸ್ತರರ ಮೂಲೆಯ ಒಂಟೆ

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸಿಂಧನೂರಿನ ನಮ್ಮ ಚೆಸ್ ಕೋಣೆಯಲ್ಲಿ ಹಾಜರಿದ್ದವರು ಇಬ್ಬರು: ನಾನು ಮತ್ತು ದುರುಗಪ್ಪ ಮಾಸ್ತರರ ಮಗಳು ಸುಜಾತಾ. ಮಾಸ್ತರರು ತೀರಿಕೊಂಡು ಒಂದು ತಿಂಗಳಾಗಿತ್ತು. ಮಸ್ಕಿಯಲ್ಲಿ ನರ್ಸ್ ಆಗಿರುವ ಆಕೆ ತಂದೆಯ ಚೆಸ್ ಹಲಗೆಯನ್ನೂ ಕಾಯಿಗಳನ್ನೂ ಬಟ್ಟೆಯ ಚೀಲದಲ್ಲಿ ತಂದಿದ್ದಳು.

"ಮನ್ಯಾಗ ಇದನ್ನ ಆಡೋರು ಯಾರೂ ಇಲ್ರಿ ಕಾಕಾ. ನೀವ ಇಟ್ಕೊಳ್ರಿ."

ಕಾಯಿಗಳನ್ನು ಮೇಜಿನ ಮೇಲೆ ಸುರಿದಳು. ಬಿಳಿಯ ಕಾಲಾಳುಗಳಲ್ಲಿ ಒಂದರ ಹಿಂಬದಿಯ ಬಣ್ಣ ಹೋಗಿ ಮರ ಕಾಣುತ್ತಿತ್ತು. ಅದನ್ನು ಎಲ್ಲಿ ಇಡಬೇಕೆಂದು ನನಗೆ ಗೊತ್ತಿತ್ತು. ಮಂತ್ರಿಯ ಕಡೆಯ ಕುದುರೆಯ ಮುಂದೆ. ಮಾಸ್ತರರು ಅದನ್ನು ಬೇರೆಲ್ಲಿಯೂ ಇಟ್ಟವರಲ್ಲ.

ದುರುಗಪ್ಪ ಮಾಸ್ತರರು ಕಾಯಿಗಳನ್ನು ಎತ್ತಿ ಇಡುತ್ತಿರಲಿಲ್ಲ. ತೋರುಬೆರಳಿನ ಉಗುರನ್ನು ಕಾಯಿಯ ಬೆನ್ನಿಗೆ ಹಚ್ಚಿ ಮೆಲ್ಲಗೆ ದೂಡುತ್ತಿದ್ದರು, ಮಲಗಿದ ಕೂಸನ್ನು ಹಾಸಿಗೆಯ ಒಳಗೆ ಸರಿಸುವಂತೆ. ಕುದುರೆಯನ್ನು ಮಾತ್ರ ಎತ್ತುವರು. "ಅದು ಜಿಗಿಯೋ ಪ್ರಾಣಿರಿ. ಉಳದವ್ರೆಲ್ಲ ನೆಲದ ಮ್ಯಾಲೆ ನಡಿಯೋ ಮಂದಿ," ಎನ್ನುವರು.

ನಾನು ಹೈಸ್ಕೂಲಿನಲ್ಲಿ ವ್ಯಾಯಾಮದ ಮಾಸ್ತರ, ಅವರು ಅದೇ ಶಾಲೆಯ ಭೂಗೋಳದ ಮಾಸ್ತರ. ನನ್ನ ಸೀಟಿ ಊದಿದ ಮೇಲೆ ಮೈದಾನದಲ್ಲಿ ಯಾರೂ ಅಲುಗಾಡುವಂತಿರಲಿಲ್ಲ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಾಸ್ತರರು ಗೇಟಿನಲ್ಲಿ ಕಾಣಿಸಿಕೊಳ್ಳುವರು. ತುರ್ವಿಹಾಳದ ಬಸ್ಸು ತಡವಾಯಿತು ಎನ್ನುವರು. ಅದೇ ಬಸ್ಸಿಗೆ ಬಂದ ಮಕ್ಕಳು ಸಾಲಿನಲ್ಲಿ ನಿಂತಿರುತ್ತಿದ್ದರು. ಒಮ್ಮೆ ಅದನ್ನು ತೋರಿಸಿ ಕೇಳಿದೆ.

"ಮಕ್ಕಳು ಚಾ ಕುಡಿಯಂಗಿಲ್ಲಲ್ರಿ ಪೀಟಿ ಸಾಹೇಬ್ರ," ಎಂದು ನಡೆದೇಬಿಟ್ಟರು.

ಅವರಿಗೆ ಆಟ ಕಲಿಸಿದವರು ಅವರ ಅಜ್ಜ. ಹೊಲಿದ ಬಟ್ಟೆಯ ಮೇಲೆ ಆಡುವ ಹಳೆಯ ದೇಶಿ ಆಟ. ಅದರಲ್ಲಿ ಕಾಲಾಳು ಮೊದಲ ಹೆಜ್ಜೆಗೂ ಒಂದೇ ಮನೆ ನಡೆಯಬೇಕು. ಈಗಿನ ಆಟದಂತೆ ಎರಡು ಮನೆ ಜಿಗಿಯುವ ಹಾಗಿಲ್ಲ. ರಾಜ ಮತ್ತು ಆನೆ ಜಾಗ ಬದಲಿಸಿಕೊಳ್ಳುವ ಕೋಟೆ ಕಟ್ಟುವಿಕೆಯೂ ಇಲ್ಲ. ಅದಕ್ಕೆ ಬದಲಾಗಿ, ಇನ್ನೂ ಚೆಕ್ ಬೀಳದ ರಾಜ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಮಾಸ್ತರರು ಹೊಸ ನಿಯಮಗಳನ್ನು ಕಲಿತರು. ಕೈ ಮಾತ್ರ ಪೂರ್ತಿ ಕಲಿಯಲಿಲ್ಲ. ಬಿಳಿಯ ಕಾಯಿ ಸಿಕ್ಕಾಗಲೆಲ್ಲ ಕುದುರೆಯ ಮುಂದಿನ ಆ ಕಾಲಾಳನ್ನು ಒಂದೇ ಮನೆ ದೂಡಿ, ತೆರೆದ ಜಾಗದಲ್ಲಿ ಒಂಟೆಯನ್ನು ಕೂರಿಸುತ್ತಿದ್ದರು. ಮೂಲೆಯಲ್ಲಿ ಕುಳಿತ ಒಂಟೆ ಓರೆಯಾಗಿ ಇಡೀ ಹಲಗೆಯನ್ನು ನೋಡುತ್ತಿತ್ತು. ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಪದ್ಧತಿ ಬೇರೆ. ರಾಜನ ಮುಂದಿನ ಕಾಲಾಳು ಎರಡು ಮನೆ. ಅಲ್ಲಿಂದ ಮುಂದೆ ಪ್ರತಿ ನಡೆಗೂ ಉತ್ತರ ಬಾಯಿಪಾಠ. ಬೆಳಿಗ್ಗೆ ಐದೂವರೆಗೆ ಎದ್ದು, ಮಗ್ಗಿ ಹೇಳಿದಂತೆ ಹೇಳಿಕೊಂಡು, ನಂತರ ಚಹಾ.

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳ ಆಟಗಾರರು ವರ್ಷಕ್ಕೊಮ್ಮೆ ಸೇರಿ ಆಡುವುದು ರೂಢಿ. ಒಂದು ವರ್ಷ ಲಿಂಗಸುಗೂರಿನಲ್ಲಿ ಮಾಸ್ತರರು ಅಲ್ಲಿಯ ವಕೀಲರೊಬ್ಬರ ಎದುರು ಕುಳಿತಿದ್ದರು. ಚೆನ್ನಾಗಿ ಗೆಲ್ಲುತ್ತಿದ್ದರು. ರಾಜನನ್ನು ಸುರಕ್ಷಿತ ಜಾಗಕ್ಕೆ ಒಯ್ಯುವ ಹೊತ್ತು ಬಂತು. ಮಾಸ್ತರರು ರಾಜನನ್ನು ಎರಡು ಬೆರಳಲ್ಲಿ ಎತ್ತಿ ಕುದುರೆಯಂತೆ ಹಾರಿಸಿ ಇಟ್ಟರು. ಅವರು ರಾಜನನ್ನು ದೂಡದೆ ಎತ್ತಿದ್ದನ್ನು ಕಂಡಾಗಲೇ ನನಗೆ ತಪ್ಪು ತಿಳಿಯಿತು.

ವಕೀಲರು ನಕ್ಕು, "ಹೋಗ್ಲಿ ಬಿಡ್ರಿ ಮಾಸ್ತರ, ತಿರಿಗಿ ಆಡ್ರಿ," ಎಂದರು. ತಂಡದ ಮುಖ್ಯಸ್ಥನಾಗಿದ್ದ ನಾನು ಒಪ್ಪಲಿಲ್ಲ. ಮುಟ್ಟಿದ ಕಾಯಿಯನ್ನೇ ಆಡಬೇಕು. ಕೋಟೆ ಕಟ್ಟಲು ದಾರಿ ಇನ್ನೂ ತೆರೆದಿರಲಿಲ್ಲ, ರಾಜನೇ ಒಂದು ಮನೆ ಸರಿಯಬೇಕು. ಸರಿದ. ಆಟ ಕೈತಪ್ಪಿತು. ಜೊತೆಗೆ ಪಂದ್ಯವೂ.

ಮರಳುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ಮಾಸ್ತರರು ಇಳಿದು ಎರಡು ಚಹಾ ತಂದರು.

"ಎದುರಿನವ್ರು ಬಿಟ್ರೂ ನೀವು ಬಿಡಂಗಿಲ್ಲಲ್ರಿ ಪೀಟಿ ಸಾಹೇಬ್ರ."

"ನಿಯಮ ಅಂದ್ರ ನಿಯಮರಿ."

"ಖರೆ ಐತಿ. ನಮ್ಮಜ್ಜಗ ಹೇಳ್ರಿ."

ಸಿಟ್ಟು ಇರಲಿಲ್ಲ. ಚಹಾ ಆರುತ್ತಿದೆ ಎಂಬುದಷ್ಟೇ ಅವರ ಚಿಂತೆ.

ನಿವೃತ್ತಿಯ ಕೆಲವು ವರ್ಷಗಳ ನಂತರ ನನ್ನ ಮಿದುಳಿನ ರಕ್ತನಾಳದಲ್ಲಿ ತೊಂದರೆಯಾಗಿ ಆಸ್ಪತ್ರೆ ಸೇರಿದೆ. ಕೈಕಾಲು ಉಳಿದವು, ಮಾತೂ ಉಳಿಯಿತು. ಆದರೆ ಬಾಯಿಪಾಠ ಮಾಡಿದ್ದು ನಡುನಡುವೆ ಕಡಿದು ಹೋಗಿತ್ತು. ಕೋಣೆಗೆ ಮರಳಿದ ಮೊದಲ ದಿನವೇ ಎಂಟನೆಯ ನಡೆ ನೆನಪಾಗದೆ, ಆಟದ ಗಡಿಯಾರದಲ್ಲಿ ನನ್ನ ಪಾಲಿನ ಸಮಯ ಮುಗಿಯುವವರೆಗೆ ಸುಮ್ಮನೆ ಕುಳಿತಿದ್ದೆ. ಮರುದಿನದಿಂದ ಹೋಗಲಿಲ್ಲ. ಚೆಸ್ ಮುಗಿಯಿತು ಎಂದು ಮನೆಯಲ್ಲಿ ಹೇಳಿದೆ. ಐದೂವರೆಗೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ಎದ್ದು ಗೋಡೆ ನೋಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದು ಮಾಸ್ತರರು ಫೋನ್ ಮಾಡಿದರು. ಏಳಕ್ಕೇ ಬಂದರು. ಇಷ್ಟು ವರ್ಷಗಳಲ್ಲಿ ಅವರು ಹೇಳಿದ ಹೊತ್ತಿಗೆ ಬಂದದ್ದು ಅದೇ ಮೊದಲು. ನನ್ನ ಹೆಂಡತಿ ಗಾಬರಿಯಾಗಿ, "ಏನಾತ್ರಿ ಮಾಸ್ತರ?" ಎಂದಳು.

"ಏನಿಲ್ರಿ ಅಕ್ಕಾರ. ಸಾಹೇಬ್ರಿಗೆ ಹೊಸಾ ಆಟ ಹುಡುಕಬೇಕಾಗೈತಿ."

ನಾನೂ ಒಂದು ಯೋಚಿಸಿದ್ದೆ. ಆರಂಭದಲ್ಲೇ ಒಂದು ಕಾಲಾಳನ್ನು ಬಲಿಕೊಟ್ಟು ಎದುರಾಳಿಯನ್ನು ಗೊಂದಲಕ್ಕೆ ಕೆಡಹುವ ಆಟ. ಆಡಿ ತೋರಿಸಿದೆ. ಮಾಸ್ತರರು ತಲೆ ಅಲ್ಲಾಡಿಸಿದರು.

"ಇದು ಒಮ್ಮೆ ಹೆದರಿಸಾಕ ಚೊಲೊ. ಎರಡನೆ ಸಲ ಅವ್ರು ಮನ್ಯಾಗ ನೋಡ್ಕೊಂಡು ಬರ್ತಾರ. ಆಮ್ಯಾಲ ನಿಮ್ಮ ಕಾಲಾಳೂ ಇಲ್ಲ, ಹೆದರಿಕಿನೂ ಇಲ್ಲ. ಆಟ ಅಪರೂಪದ್ದಿರಬೇಕ್ರಿ, ಹುಳುಕಿರಬಾರದು."

ಆಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿ, ಕುದುರೆಯ ಮುಂದಿನ ತಮ್ಮ ಆ ಸವೆದ ಕಾಲಾಳಿಗೆ ಉಗುರು ಹಚ್ಚಿ ಒಂದು ಮನೆ ದೂಡಿದರು.

"ಎಲ್ಲಾರೂ ಆಡೋ ಆಟದಾಗ ನೀವು ಇಪ್ಪತ್ತು ನಡಿ ಬಾಯಿಪಾಠ ಮಾಡಿದ್ರ, ಲಿಂಗಸೂರಿನವ್ರು ಫೋನ್ ನೋಡಿ ಇಪ್ಪತ್ತೈದು ಮಾಡ್ಯಾರ. ಇದನ್ನ ಯಾರೂ ಮಾಡಿಲ್ಲ. ಮಾಡಾಕ ಏನೂ ಇಲ್ಲ."

"ನಡುಭಾಗ ಪೂರಾ ಅವರಿಗೆ ಬಿಟ್ಟಂಗ ಆತಲ್ರಿ?"

"ಬಿಡ್ರಿ. ಬಂದು ಕೂಡ್ಲಿ. ಒಂಟಿ ನೋಡಾಕತ್ತೈತಿ." ನಡುವೆ ಬಂದು ನಿಂತ ಕಪ್ಪು ಕಾಲಾಳನ್ನು ತೋರಿಸಿದರು. "ಇದನ್ನ ಯಾರು ಕಾಯಾಕತ್ತಾರ?"

"ಕುದುರಿ."

"ಹಂಗಾದ್ರ ಇನ್ನೊಂದು ಒಂಟಿ ಆ ಕುದುರಿ ಮ್ಯಾಲೆ ಬಿಡ್ರಿ. ಕುದುರಿ ಹೋದ್ರ ಕಾಲಾಳು ಒಬ್ಬಂಟಿ. ಎಷ್ಟನೇ ನಡಿ ಅಂತ ನೆನಪಿಡಬ್ಯಾಡ್ರಿ. ಯಾರು ಯಾರನ್ನ ಕಾಯಾಕತ್ತಾರ ಅಂತ ನೋಡ್ರಿ. ಅಷ್ಟ."

ನಾನು ಒಪ್ಪಲು ಎರಡು ವಾರ ಹಿಡಿಯಿತು. ದಿನವೂ ಆಡಿ ಅದನ್ನು ಮುರಿಯಲು ನೋಡಿದೆ. ಆರಂಭದಲ್ಲಿ ದೊಡ್ಡ ಲಾಭ ಬರುವುದಿಲ್ಲ. ಎದುರಾಳಿ ಎಚ್ಚರದಿಂದ ಆಡಿದರೆ ಸಮಸಮ. ಆದರೆ ಕುಸಿಯುವ ಆಟವಲ್ಲ. ಅಜ್ಜನ ಕಾಲದ ಅಭ್ಯಾಸಬಲದಿಂದ ದೂಡುತ್ತಾರೆ ಎಂದು ನಾವು ನಕ್ಕ ಕಾಲಾಳನ್ನು ಅವರು ಅಷ್ಟು ವರ್ಷ ತೂಗಿ ನೋಡಿಯೇ ದೂಡುತ್ತಿದ್ದರು.

ಮುಂದಿನ ಪಂದ್ಯ ಮಸ್ಕಿಯಲ್ಲಿ. ಎದುರಿಗೆ ಅದೇ ವಕೀಲರು. ನನ್ನ ಮೊದಲ ನಡೆ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಆಡಿದೆವು. ಕೊನೆಗೆ ಎರಡೂ ಕಡೆ ರಾಜ ಮತ್ತು ನಾಲ್ಕು ಕಾಲಾಳು ಉಳಿದು ಆಟ ಸಮವಾಯಿತು. ಹೊರಗೆ ಮಾಸ್ತರರು ಚಹಾ ಹಿಡಿದು ನಿಂತಿದ್ದರು.

"ಎಲ್ಲ್ಯಾರ ಮರತ್ರೇನು?"

"ಮರೆಯಾಕ ಏನೂ ಇರಲಿಲ್ರಿ."

ಅವರು ತಮ್ಮ ಪಾಲಿನ ಚಹಾವನ್ನೂ ನನಗೇ ಕೊಟ್ಟರು.

ಕಡೆಯ ಸಲ ಕಂಡದ್ದು ತುರ್ವಿಹಾಳದ ಅವರ ಮನೆಯಲ್ಲಿ. ಹೃದಯ ದಣಿದಿತ್ತು, ದಿಂಬಿಗೆ ಒರಗಿ ಕುಳಿತಿದ್ದರು. "ಇವತ್ತ ನಿಮ್ಮ ಒಂಟಿ ನನ್ನ ಮ್ಯಾಲೆ ಬಿಡ್ರಿ, ನೋಡೂಣು," ಎಂದು ಕಪ್ಪು ಕಾಯಿ ತೆಗೆದುಕೊಂಡರು. ನಾನು ಅವರದೇ ಆಟ ಆಡಿದೆ. ಅವರು ಕೋಟೆ ಕಟ್ಟಿಕೊಳ್ಳಲಿಲ್ಲ. ನಡುವೆಯೇ ಸಿಕ್ಕಿಬಿದ್ದ ಅವರ ರಾಜನತ್ತ ನನ್ನ ಕಾಯಿಗಳೆಲ್ಲ ತಿರುಗಿದವು. ಬಹಳ ಹೊತ್ತು ನೋಡಿದರು. ಆಮೇಲೆ ರಾಜನನ್ನು ಎರಡು ಬೆರಳಲ್ಲಿ ಎತ್ತಿ ಕುದುರೆಯಂತೆ ಹಾರಿಸಿ ಇಟ್ಟರು.

ಮರೆತರೋ, ಬೇಕೆಂದೇ ಮಾಡಿದರೋ, ನನಗೆ ಇಂದಿಗೂ ತಿಳಿಯದು. ಬೆರಳನ್ನು ರಾಜನ ಮೇಲಿಂದ ತೆಗೆಯದೆ ನನ್ನನ್ನೇ ನೋಡುತ್ತಿದ್ದರು.

"ಚೆಕ್ ಬಿದ್ದಿಲ್ಲ. ನಡೀತೈತ್ರಿ," ಎಂದೆ.

"ನಿಯಮ?"

"ಒಮ್ಮೆ ಮಾತ್ರ."

ನಕ್ಕರು, ನಗು ಕೆಮ್ಮಾಯಿತು. ಸುಜಾತಾ ಒಳಗಿನಿಂದ ಬಂದು, "ಸಾಕು ಮಾಡ್ರಪ್ಪಾ, ಮಲಕ್ಕೊಳ್ರಿ," ಎಂದು ಹಲಗೆಯನ್ನು ಪಕ್ಕಕ್ಕೆ ಸರಿಸಿದಳು. ಉಳಿದದ್ದನ್ನು ಬರುವ ಭಾನುವಾರ ಆಡುವುದೆಂದು ಮಾತಾಯಿತು. ಆ ಭಾನುವಾರದೊಳಗೇ ಅವರು ಹೋದರು.

ಇವತ್ತು ಸುಜಾತಾ ತಂದ ಹಲಗೆಯನ್ನು ಬಿಡಿಸಿ, ಒಂದೊಂದೇ ಕಾಯಿ ಇಡುತ್ತ ಹೋದೆ. ಸವೆದ ಕಾಲಾಳು, ಅದರ ಹಿಂದೆ ಮೂಲೆಯ ಒಂಟೆ, ಅದು ನೋಡುತ್ತಿದ್ದ ಕಪ್ಪು ಕಾಲಾಳು, ಅದನ್ನು ಕಾಯುತ್ತಿದ್ದ ಕುದುರೆ. ಎಲ್ಲಿಯೂ ಕೈ ತಡೆಯಲಿಲ್ಲ.

"ಅವತ್ತಿಂದು ಎಲ್ಲಾ ನೆನಪೈತೇನ್ರಿ ಕಾಕಾ?" ಎಂದಳು ಸುಜಾತಾ.

"ನೆನಪಲ್ಲವ್ವ. ಯಾರು ಯಾರನ್ನ ಕಾಯಾಕತ್ತಾರ ಅಂತ ಗೊತ್ತೈತಿ."

"ಈಗ ಯಾರ ಪಾಳಿ?"

"ನಂದು."

ಆಕೆ ಖಾಲಿ ಚೀಲ ಮಡಚಿಕೊಂಡು ಮಸ್ಕಿಯ ಬಸ್ಸಿಗೆ ಹೊರಟಳು. ರಾತ್ರಿ ಎಂಟಕ್ಕೆ ಕೋಣೆ ಮುಚ್ಚುವ ಮೊದಲು ಎಲ್ಲ ಹಲಗೆಗಳ ಕಾಯಿಗಳನ್ನು ಸಾಲಾಗಿ ನಿಲ್ಲಿಸುವುದು ನನ್ನ ಕಟ್ಟಳೆ. ಉಳಿದವನ್ನು ನಿಲ್ಲಿಸಿದೆ. ಮಾಸ್ತರರ ಹಲಗೆಯಲ್ಲಿ ಕಪ್ಪು ರಾಜನನ್ನು ಅವರು ಹಾರಿಸಿದ ಮನೆಯಲ್ಲೇ ಬಿಟ್ಟು, ದೀಪ ಆರಿಸಿ ಬೀಗ ಹಾಕಿದೆ.