ದಾಸವಾಳದ ಮೇಲಿನ ಹಸಿರು ಹುಳ

ಶಂಕರಪುರಕ್ಕೆ ಬಂದ ಮೂರನೇ ಬೆಳಿಗ್ಗೆ ನಮ್ಮ ಮನೆಯವರು ಹಿತ್ತಲಿನ ದಾಸವಾಳದ ಬುಡದಲ್ಲಿ ಅಂಗಾತ ಬಿದ್ದಿದ್ದರು. ಚೀರಿಕೊಂಡು ಓಡಿದೆ. ಅವರು ಎಲೆಯಡಿಗೆ ಮೊಬೈಲ್ ಹಿಡಿದು, "ಸುಮ್ಮನಿರು, ಹುಳ ಹಾರಿ ಹೋಗ್ತದ," ಎಂದರು. ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ರಾಯಚೂರಿನವಳು ನಾನು, ಬೀಡಿಯಿಲ್ಲದೆ ಬಾಯಿಂದ ಹೊಗೆ ಬಂದದ್ದನ್ನು ಅಂದೇ ಕಂಡದ್ದು.

ಅವರ ಲಿವರ್ ಕೆಟ್ಟಿತ್ತು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕಿತ್ತು. ಅದಕ್ಕೇ ಊರಿನ ಮನೆಗೆ ಬೀಗ ಹಾಕಿ, ನಿವೃತ್ತ ಟೀಚರ್ ಸೀತಮ್ಮನವರ ಹಿಂಬದಿಯ ಕೋಣೆಗೆ ಬಾಡಿಗೆಗೆ ಬಂದಿದ್ದೆವು. ಸೀತಮ್ಮ "ಹುಳಿ ಬೇಕೇನಮ್ಮಾ?" ಎಂದಾಗ ಹುಣಸೆಹಣ್ಣೆಂದು ಅಂಗೈ ಚಾಚಿದೆ, ಕೊಟ್ಟದ್ದು ಬೆಲ್ಲ ಹಾಕಿದ ಸಾಂಬಾರು. ನಮ್ಮ ಪಾತರಗಿತ್ತಿ ಇಲ್ಲಿ ಚಿಟ್ಟೆ. ಬಾಯಿ ಬಿಟ್ಟರೆ ಸಾಕು, ಅಂಗಡಿಯವರು "ಯಾವೂರಮ್ಮ?" ಎನ್ನುತ್ತಿದ್ದರು. ಮಾತಾಡುವುದನ್ನೇ ಕಡಿಮೆ ಮಾಡಿದೆ.

ನಮ್ಮವರಿಗೆ ಮಾತ್ರ ಹಿತ್ತಲು ಸಿಕ್ಕಿತ್ತು. ಊರಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದ ಮನುಷ್ಯ ಈಗ ಮೊಬೈಲ್ ಹಿಡಿದು ಗುಲಗಂಜಿ ಹುಳ, ಏರೋಪ್ಲೇನ್ ಚಿಟ್ಟೆಗಳ ಹಿಂದೆ ಬಿದ್ದರು. ದಾಸವಾಳದ ಮೇಲೊಂದು ಹಸಿರು ಹುಳ ಬರುತ್ತಿತ್ತು. ಬಿಸಿಲು ಬಿದ್ದರೆ ಬೆನ್ನು ನೀಲಿಯಾಗಿ, ಮತ್ತೆ ಬಂಗಾರವಾಗಿ ಹೊಳೆಯುತ್ತಿತ್ತು.

"ಬಾ ಇಲ್ಲಿ, ನೋಡು. ಮೂವತ್ತು ವರ್ಷ ಬೋರ್ಡ್ ಬರದೀನಿ, ಇಂಥ ಬಣ್ಣ ಕಲಸಾಕ ನನಗ ಬಂದಿಲ್ಲ."

ಒಂದು ಸಲ ಅವರನ್ನು ಹತ್ತು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮನೆಗೆ ಬಂದಾಗ ಹಿತ್ತಲು ಗುಡಿಸಿ ಒಪ್ಪವಾಗಿತ್ತು. ಒಂದೇ ಒಂದು ಹುಳವಿರಲಿಲ್ಲ.

"ಹುಳ ಜಾಸ್ತಿ ಆಗಿತ್ತಮ್ಮ. ಅವ್ರಿಗೆ ಇನ್ಫೆಕ್ಷನ್ ಆಗ್ಬಾರ್ದು ಅಂತ ಔಷಧಿ ಹೊಡೆಸ್ಬಿಟ್ಟೆ," ಎಂದರು ಸೀತಮ್ಮ ಸಂತೋಷದಿಂದ.

ನಮ್ಮವರು ಗೋಡೆ ಹಿಡಿದು ದಾಸವಾಳದವರೆಗೆ ಹೋಗಿ ಎಲೆ ಮಗುಚಿ ನೋಡಿದರು. "ಭಾಳ ಚಂದ ಆಗ್ಯದ್ರಿ, ಅಮ್ಮಾರೆ," ಎಂದರು.

ಆಮೇಲೆ ದಿನವೂ ಕುರ್ಚಿ ಹಾಕಿಸಿಕೊಂಡು ದಾಸವಾಳದೆದುರು ಕೂರುತ್ತಿದ್ದರು. ಏನೂ ಬರಲಿಲ್ಲ. ಎರಡೇ ವಾರದಲ್ಲಿ ತೀರಿಕೊಂಡರು.

ಅವರನ್ನು ಊರಿಗೆ ಒಯ್ಯಲು ಆಂಬುಲೆನ್ಸ್ ಹತ್ತುವಾಗ ಸೀತಮ್ಮ ನನ್ನ ಕೈ ಹಿಡಿಯಲು ಬಂದರು. ಕೊಸರಿಕೊಂಡೆ. "ನೀವು ಅವರ ಹುಳ ಎಲ್ಲಾ ಕೊಂದ್ರಿ," ಎಂದುಬಿಟ್ಟೆ. ಅವರು ಹುಳ ನೋಡಲೆಂದೇ ಹಿತ್ತಲಲ್ಲಿ ಕೂರುತ್ತಿದ್ದರೆಂದು ಸೀತಮ್ಮನವರಿಗೆ ತಿಳಿದದ್ದೇ ಆಗ. ಆ ಮುಖವನ್ನು ರಾಯಚೂರಿನವರೆಗೂ ಹೊತ್ತುಕೊಂಡು ಹೋದೆ.

ಕೋಣೆ ಖಾಲಿ ಮಾಡಲೆಂದು ವಾಪಸು ಬಂದವಳು ಎಂಟು ತಿಂಗಳಾದರೂ ಮಾಡಿಲ್ಲ. ಹತ್ತಿರದ ಮೆಸ್ಸಿನಲ್ಲಿ ರೊಟ್ಟಿ ತಟ್ಟುತ್ತೇನೆ. ಮೈದುನ ಫೋನ್ ಮಾಡುತ್ತಾನೆ: "ಅತ್ತಿಗಿ, ಅಣ್ಣನ ಮಣ್ಣು ಇಲ್ಲೇ ಅದ. ಅಲ್ಲಿ ಯಾರಿದ್ದಾರಂತ ಕುಂತೀರಿ?" ಅವನು ಹೇಳುವುದು ನಿಜ. ಊರಲ್ಲಿದ್ದರೆ ಸಮಾಧಿಗೆ ಹೂವಿಡಬಹುದು. ಆದರೆ ಅವರು ಕಡೆಯ ಬಾರಿ ನಕ್ಕದ್ದು ಇಲ್ಲಿ.

ಕಳೆದ ಭಾನುವಾರ ಬಟ್ಟೆ ಹರವುತ್ತಿದ್ದಾಗ ದಾಸವಾಳದ ಎಲೆಯ ಮೇಲೆ ಆ ಹಸಿರು ಕಂಡಿತು. ಅವರ ಮೊಬೈಲ್ ತಂದು ಫೋಟೋ ತೆಗೆದೆ. ಮಸುಕಾಗಿ ಬಂತು. "ಏನ್ರೀ, ಲಗೂನ ಬರ್ರಿ!" ಎಂದು ನಮ್ಮವರನ್ನೇ ಕೂಗಿ ತಿರುಗಿದೆ.

ಹಿಂಬಾಗಿಲಲ್ಲಿ ಸೀತಮ್ಮ ನಿಂತಿದ್ದರು. ಆಂಬುಲೆನ್ಸ್ ಹೋದ ದಿನದಿಂದ ಅವರು ಹಿತ್ತಲಿಗೆ ಇಳಿದವರಲ್ಲ. ಈಗ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದರು.

"ನಂಗೆ ತೋರಿಸ್ತೀಯೇನಮ್ಮಾ?" ಎಂದರು.

ಮೊಬೈಲನ್ನು ಅವರ ಕೈಗೆ ಕೊಟ್ಟೆ.